ಕೊಂಬಿನ ಭಯವಿದ್ದರೂ ಹೋಗಿ

ಪ್ರಶ್ನೆ: ಕಚೇರಿಯ ಒತ್ತಡದಿಂದ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಮುದಿ ದನಗಳನ್ನು, ಕಸಾಯಿಖಾನೆಯಿಂದ ಬಿಡಿಸಿ ತಂದ ದನಗಳನ್ನು ಸಾಕುವ ಗೋಶಾಲೆಯೊಂದು ನಮ್ಮೂರ ಬಳಿ ಇದೆ. ಅಲ್ಲಿ ಸ್ವಲ್ಪ ಹೊತ್ತು ಕುಳಿತು ಬಾ ಎನ್ನುತ್ತಾರೆ ಅತ್ತೆ. ನನಗೆ ಕೊಂಬು ಕಂಡರೆ ಭಯ. ಹೋಗಲೇ?
— ಓದುಗರು, ಮೈಸೂರು

ಉತ್ತರ: ಹೋಗಿ ತಾಯಿ. ಪಶುವೈದ್ಯನಾಗಿ ದುಡಿದು ನಿವೃತ್ತನಾದ ನನ್ನ ಮತ ನಿಮ್ಮ ಅತ್ತೆಗೇ. ಆದರೆ ಮೇವು ಹಾಕುವ ಹೊತ್ತಿನಲ್ಲಿ ಬೇಡ, ಆಗ ನೂಕುನುಗ್ಗಲು. ತಿಂದು ಮಲಗಿದ ಮೇಲೆ ಹೋಗಿ ಕುಳಿತುಕೊಳ್ಳಿ. ಹಸು ದಿನಕ್ಕೆ ಆರೆಂಟು ಗಂಟೆ ಮೆಲುಕು ಹಾಕುತ್ತದೆ. ಒಂದು ಉಂಡೆಯನ್ನು ಸುಮಾರು ಒಂದು ನಿಮಿಷ ಅಗಿದು ನುಂಗಿ, ಕೆಲವು ಕ್ಷಣ ಸುಮ್ಮನಿರುತ್ತದೆ. ಮತ್ತೊಂದು ಉಂಡೆ ಗಂಟಲಲ್ಲಿ ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಅದನ್ನೇ ನೋಡುತ್ತಿರಿ. ನಿಮ್ಮ ಉಸಿರು ತಾನಾಗಿ ನಿಧಾನವಾಗುತ್ತದೆ.

ಬಾಲದ ನೇರ ಹಿಂದೆ ನಿಂತವರು ಹಸುವಿಗೆ ಕಾಣುವುದಿಲ್ಲ. ಪಕ್ಕದಿಂದ, ಮೆಲ್ಲಗೆ ಮಾತನಾಡುತ್ತಾ ಬನ್ನಿ. ಹಣೆ ಒತ್ತಬೇಡಿ, ಅದು ಗುದ್ದಾಟಕ್ಕೆ ಕರೆದಂತೆ. ಕತ್ತಿನ ಕೆಳಗೆ ಜೋಲುವ ಗಂಗೆದೊಗಲನ್ನು ತುರಿಸಿ, ಕತ್ತು ಚಾಚಿದರೆ ಒಪ್ಪಿಗೆ ಸಿಕ್ಕಿತೆನ್ನಿ. ಎದ್ದು ಹೋದರೆ ಹಿಂಬಾಲಿಸಬೇಡಿ.

ಪುಣ್ಯದ ಆಸೆಗೆ ಹೋಳಿಗೆ, ಅನ್ನ ಮಾತ್ರ ಒಯ್ಯಬೇಡಿ! ಹೊಟ್ಟೆಯಲ್ಲಿ ಹುಳಿ ಏರಿ ಹಬ್ಬದ ಮರುದಿನ ನೆಲ ಹಿಡಿದ ಹಸುಗಳನ್ನು ಕಂಡು ನನಗೆ ರೋಸಿಹೋಗಿದೆ. ಹಸಿ ಹುಲ್ಲು ಸಾಕು, ಅದನ್ನೂ ನೋಡಿಕೊಳ್ಳುವವರನ್ನು ಕೇಳಿಯೇ ಕೊಡಿ.

ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ ವೈದ್ಯರನ್ನೂ ಕಾಣಿ, ಮನುಷ್ಯರ ವೈದ್ಯರನ್ನು.