ಆಗಸ್ಟ್ ಬರೆಯುವಾಗ ನವೆಂಬರ್ ಮರೆತುಬಿಡಿ

ಪ್ರಿಯರೇ,

ನಮಸ್ಕಾರ. 2008ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಜಾನ್ ಮೆಕೇನ್ ಅವರು ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್ ಅವರನ್ನು ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸಿಕೊಂಡಾಗ ಯಾರು ಏನೆಂದರು ಅಂತ ನೀವು ಬರೆದ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪತ್ರದ ಕೊನೆಯವರೆಗೆ ನಿಮ್ಮನ್ನು ಕಾಯಿಸುವುದು ಬೇಡ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗುವ ಲೇಖನವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿಮ್ಮ ಮೊದಲ ಸಾಲು ನೋಡಿ: ‘ತಮ್ಮ ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಂಡ ಮೆಕೇನ್ ಅವರ ಸೋಲಿನ ಕಥೆಯಿದು.’ ಮುಗೀತಲ್ಲ! ಮುಂದಿನ ಹನ್ನೊಂದು ಪುಟ ನಾನು ಯಾಕೆ ಓದಬೇಕು? ಆ ಆಯ್ಕೆಯನ್ನು ಜನ ಹೇಗೆ ತೆಗೆದುಕೊಂಡರು ಎಂಬುದು ನಿಮ್ಮ ವಿಷಯ. ಆದರೆ ನೀವು ಬರೆದ ಪ್ರತಿಯೊಬ್ಬರಿಗೂ ನವೆಂಬರ್ 4ರ ಫಲಿತಾಂಶ ಮೊದಲೇ ಗೊತ್ತಿದ್ದ ಹಾಗಿದೆ. ಹೊಗಳಿದವರೆಲ್ಲ ದಡ್ಡರು, ಬೈದವರೆಲ್ಲ ಜಾಣರು. ಆಗಸ್ಟ್ 29ರ ಶುಕ್ರವಾರ ಯಾರಿಗೂ ಏನೂ ಗೊತ್ತಿರಲಿಲ್ಲ. ಆ ದಿನದ ಸ್ವಾರಸ್ಯ ಇರುವುದೇ ಅಲ್ಲಿ.

ಆ ದಿನವನ್ನು ಸ್ವಲ್ಪ ಕಣ್ಣೆದುರು ತಂದುಕೊಳ್ಳಿ. ಹಿಂದಿನ ರಾತ್ರಿ ಡೆನ್ವರ್‌ನ ಫುಟ್‌ಬಾಲ್ ಮೈದಾನದಲ್ಲಿ ಎಂಬತ್ತು ಸಾವಿರಕ್ಕೂ ಜಾಸ್ತಿ ಜನರ ಮುಂದೆ ಎದುರಾಳಿ, ಡೆಮಾಕ್ರಟಿಕ್ ಪಕ್ಷದ ಒಬಾಮ ಭಾಷಣ ಮಾಡಿದ್ದರು. ಮರುದಿನ ಪೂರ್ತಿ ಟಿವಿಯಲ್ಲಿ ಅದೇ ಮಾತು ನಡೆಯಬೇಕಿತ್ತು. ನಡೆಯಲಿಲ್ಲ. ಓಹಿಯೋದ ಡೇಟನ್‌ನಲ್ಲಿ ಮೆಕೇನ್ ವೇದಿಕೆ ಹತ್ತಿ, ದೇಶದಲ್ಲಿ ಹೆಚ್ಚಿನವರು ಹೆಸರೇ ಕೇಳದ 44 ವರ್ಷದ ಹೆಂಗಸನ್ನು ಪರಿಚಯ ಮಾಡಿಸಿದರು. ಅವತ್ತೇ ಮೆಕೇನ್ ಅವರ ಹುಟ್ಟುಹಬ್ಬ, 72 ತುಂಬಿತ್ತು. ಚರ್ಮದ ಕ್ಯಾನ್ಸರ್‌ಗೆ ಒಂದಕ್ಕಿಂತ ಹೆಚ್ಚು ಸಲ ಚಿಕಿತ್ಸೆ ಪಡೆದವರು. ಅಂದರೆ ಉಪಾಧ್ಯಕ್ಷರು ಯಾರು ಎಂಬುದು ಆ ವರ್ಷ ಬರೀ ಔಪಚಾರಿಕ ಪ್ರಶ್ನೆಯಾಗಿರಲಿಲ್ಲ. ನಿಮ್ಮ ಲೇಖನದಲ್ಲಿ ಅವರ ವಯಸ್ಸು ಎಲ್ಲೂ ಇಲ್ಲ. ಕ್ಯಾನ್ಸರ್ ಮಾತೂ ಇಲ್ಲ. ಇವೆರಡನ್ನು ಬಿಟ್ಟರೆ ಜನ ಅಷ್ಟು ಬೆಚ್ಚಿದ್ದು ಯಾಕೆ ಅಂತ ನಮ್ಮ ಓದುಗರಿಗೆ ತಿಳಿಯುವುದಾದರೂ ಹೇಗೆ?

ಮೆಕೇನ್ ಈ ಜೂಜಾಡಿದ್ದು ಯಾಕೆ ಎಂಬುದನ್ನೂ ನೀವು ‘ಆತುರ’ ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ಆತುರ ಇತ್ತು, ಒಪ್ಪಿದೆ. ಆದರೆ ಅವರ ಎಲೆಗಳನ್ನೂ ನೋಡಬೇಕಲ್ವಾ? ಅವರದೇ ಪಕ್ಷದ ಬುಷ್ ಎಂಟು ವರ್ಷ ಆಳಿ ಜನಪ್ರಿಯತೆ ಕಳೆದುಕೊಂಡಿದ್ದರು. ಇರಾಕ್ ಯುದ್ಧದಿಂದ ಜನ ಬೇಸತ್ತಿದ್ದರು. ಮೆಕೇನ್ ಅವರ ಮನಸ್ಸಿನಲ್ಲಿದ್ದದ್ದು ಗೆಳೆಯ ಜೋ ಲೀಬರ್‌ಮನ್. 2000ದಲ್ಲಿ ಎದುರು ಪಕ್ಷದಿಂದ ಇದೇ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು, ಗರ್ಭಪಾತದ ಹಕ್ಕಿನ ಪರ ಇದ್ದವರು. ಅವರನ್ನು ತಂದರೆ ಸಮಾವೇಶದಲ್ಲೇ ಪಕ್ಷ ಒಡೆಯುತ್ತದೆ ಎಂದು ಸುತ್ತಲಿನವರು ಎಚ್ಚರಿಸಿದರು. ಸುಮ್ನೆ ಯಾರೋ ಒಬ್ಬ ಮಾಮೂಲಿ ಅಭ್ಯರ್ಥಿಯನ್ನು ಹಾಕಿಕೊಂಡು ಮರ್ಯಾದೆಯಿಂದ ಸೋಲುವುದೋ, ಇಲ್ಲ ಒಂದು ಕೈ ನೋಡೇಬಿಡುವುದೋ? ಮೆಕೇನ್ ಸ್ವಭಾವ ಎರಡನೆಯದು. ಇದನ್ನು ಒಂದು ಪ್ಯಾರಾದಲ್ಲಿ ಹೇಳಿ. ಆಮೇಲೆ ಅವರನ್ನು ಎಷ್ಟು ಬೇಕಾದರೂ ಬೈಯಿರಿ.

ಈಗ ನಿಮ್ಮ ‘ಜನ’ರ ವಿಷಯ. ‘ಜನ ನಕ್ಕರು’, ‘ಜನ ಬೆರಗಾದರು’, ‘ಮಾಧ್ಯಮಗಳು ಕಿಡಿಕಾರಿದವು’. ಯಾವ ಜನ ಸ್ವಾಮಿ? ಪ್ರತಿಕ್ರಿಯೆ ಅಂದರೆ ಅದಕ್ಕೊಂದು ಬಾಯಿ ಇರಬೇಕು, ಆ ಬಾಯಿಗೊಂದು ಲಾಭವೋ ನಷ್ಟವೋ ಇರಬೇಕು. ಜೇಮ್ಸ್ ಡಾಬ್ಸನ್ ಎಂಬ ಪ್ರಭಾವಿ ಕ್ರೈಸ್ತ ನಾಯಕರು ಆ ವರ್ಷದ ಆರಂಭದಲ್ಲಿ ಮೆಕೇನ್‌ಗೆ ವೋಟು ಹಾಕಲಾರೆ ಅಂದಿದ್ದರು. ಪೇಲಿನ್ ಹೆಸರು ಬಂದದ್ದೇ ತಡ, ಹಾಕುತ್ತೇನೆ ಅಂದರು. ಅದು ಪ್ರತಿಕ್ರಿಯೆ. ಸೆಪ್ಟೆಂಬರ್ 3ರ ಮಧ್ಯಾಹ್ನ ಅದೇ ಪಾಳಯದ ಅಂಕಣಕಾರ್ತಿ ಪೆಗ್ಗಿ ನೂನನ್ ಮತ್ತು ಮೆಕೇನ್ ಅವರ ಹಳೇ ಸಲಹೆಗಾರ ಮೈಕ್ ಮರ್ಫಿ, ಟಿವಿ ಚರ್ಚೆ ಮುಗಿದು ಮೈಕ್ ಆಫ್ ಆಗಿದೆ ಅಂದುಕೊಂಡು ಮಾತಿಗಿಳಿದರು. ಮೈಕ್ ಆನ್ ಇತ್ತು. ಇದು ನಡೆಯುವುದಿಲ್ಲ ಅಂದರು ಒಬ್ಬರು, ಮುಗೀತು ಅಂದರು ಇನ್ನೊಬ್ಬರು. ನೂನನ್ ಆಮೇಲೆ ತಮ್ಮ ಮಾತಿಗೆ ಬೇರೆ ಅರ್ಥವಿತ್ತು ಎಂದು ವಿವರಣೆ ಕೊಡಬೇಕಾಯಿತು. ಇಂಥ ಪ್ರಸಂಗ ಕೈಯಲ್ಲಿಟ್ಟುಕೊಂಡು ನೀವು ಅದನ್ನು ‘ಸ್ವಪಕ್ಷೀಯರಿಂದಲೂ ಅಪಸ್ವರ ಕೇಳಿಬಂತು’ ಅಂತ ಬರೆದಿದ್ದೀರಿ. ಊಟಕ್ಕೆ ಕರೆದು ಬರೀ ಎಲೆ ಹಾಕಿದ ಹಾಗಾಯಿತು.

ಒಬಾಮ ಕಡೆಯವರದು ಇನ್ನೂ ಮಜವಾಗಿದೆ. ಅವರ ವಕ್ತಾರರ ಮೊದಲ ಹೇಳಿಕೆ, 9,000 ಜನರಿರುವ ಊರಿನ ಮಾಜಿ ಮೇಯರ್ ಎಂದು ಮೂಗು ಮುರಿಯಿತು. ಪೇಲಿನ್ ಗವರ್ನರ್ ಎಂಬುದೇ ಅದರಲ್ಲಿ ಹಿಂದೆ ಬಿತ್ತು. ಅದೇ ದಿನ ಒಬಾಮ ಮತ್ತು ಅವರ ಉಪಾಧ್ಯಕ್ಷ ಅಭ್ಯರ್ಥಿ ಬೈಡನ್ ಹೆಸರಿನಲ್ಲಿ ಅಭಿನಂದನೆ ಹೇಳುವ ಇನ್ನೊಂದು ಹೇಳಿಕೆ ಬಂತು. ಒಂದೇ ಮನೆಯಿಂದ ಒಂದೇ ದಿನ ಎರಡು ಮಾತು. ಮೊದಲನೆಯದು ಎಲ್ಲಿ ಚುಚ್ಚಿತು ಗೊತ್ತಾ? ಸಣ್ಣ ಊರಿನವರಿಗೆ. 9,000 ಅಂದರೆ ನಮ್ಮ ಕಡೆ ಒಂದು ಗ್ರಾಮ ಪಂಚಾಯ್ತಿಯಷ್ಟು ಜನ. ‘ಪಂಚಾಯ್ತಿ ಅಧ್ಯಕ್ಷೆ ನೀನು, ನಿನಗೇನು ಗೊತ್ತು’ ಅಂದರೆ ಇಡೀ ಪಂಚಾಯ್ತಿಗೇ ಅಂದ ಹಾಗೆ. ಸೆಪ್ಟೆಂಬರ್ 3ರ ರಾತ್ರಿ ಸೇಂಟ್ ಪಾಲ್ ನಗರದಲ್ಲಿ ನಡೆದ ಪಕ್ಷದ ಸಮಾವೇಶದಲ್ಲಿ ಪೇಲಿನ್ ಇದನ್ನೇ ತಿರುಗಿಸಿ ಹೊಡೆದರು. ಒಬಾಮ ಮೊದಲು ಶಿಕಾಗೋದಲ್ಲಿ ಬಡಾವಣೆ ಸಂಘಟಕರಾಗಿದ್ದರಲ್ಲ, ಸಣ್ಣ ಊರಿನ ಮೇಯರ್ ಕೆಲಸವೂ ಹೆಚ್ಚುಕಡಿಮೆ ಹಾಗೇ, ಆದರೆ ಇದರಲ್ಲಿ ನಿಜವಾದ ಜವಾಬ್ದಾರಿ ಇರುತ್ತದೆ ಎಂಬರ್ಥದ ಮಾತು ಹೇಳಿದರು. ಸಭಾಂಗಣ ಎದ್ದು ಕುಣಿಯಿತು. ಆ ಭಾಷಣವನ್ನು ಟಿವಿಯಲ್ಲಿ ನೋಡಿದವರು 3 ಕೋಟಿ 70 ಲಕ್ಷಕ್ಕೂ ಹೆಚ್ಚು. ಅದಾದ ಮೇಲೆ ಕೆಲವು ದಿನ ಗ್ಯಾಲಪ್ ಸಮೀಕ್ಷೆಯಲ್ಲಿ ಮೆಕೇನ್ ಮುಂದಿದ್ದರು. ಹೌದು, ಮುಂದೆ! ನಿಮ್ಮ ಲೇಖನದಲ್ಲಿ ಈ ದಿನಗಳೇ ಇಲ್ಲ. ಚಪ್ಪಡಿ ಅಂತ ಮೊದಲೇ ಬರೆದುಬಿಟ್ಟಿರಿ, ಆಮೇಲೆ ಇದಕ್ಕೆ ಜಾಗ ಎಲ್ಲಿ ಸಿಗಬೇಕು?

ಒಂದು ದೊಡ್ಡ ತಪ್ಪು. ಆರನೇ ಪುಟದಲ್ಲಿ ಪೇಲಿನ್ ಮಾತೆಂದು ಉದ್ಧರಣ ಚಿಹ್ನೆಯೊಳಗೆ ಹಾಕಿದ್ದೀರಿ: ‘ನನ್ನ ಮನೆಯಿಂದ ರಷ್ಯಾ ಕಾಣುತ್ತದೆ.’ ಇದನ್ನು ಅವರು ಹೇಳಲಿಲ್ಲ. ಸೆಪ್ಟೆಂಬರ್ 13ರ ‘ಸ್ಯಾಟರ್‌ಡೇ ನೈಟ್ ಲೈವ್’ ಹಾಸ್ಯ ಕಾರ್ಯಕ್ರಮದಲ್ಲಿ ಪೇಲಿನ್ ವೇಷ ಹಾಕಿದ ಟೀನಾ ಫೇ ಹೇಳಿದ್ದು. ಪೇಲಿನ್ ಟಿವಿ ಸಂದರ್ಶನದಲ್ಲಿ ಹೇಳಿದ್ದು, ಅಲಾಸ್ಕಾದ ಒಂದು ದ್ವೀಪದಿಂದ ರಷ್ಯಾ ಕಾಣುತ್ತದೆ ಅಂತ. ಅದು ನಿಜ ಕೂಡ. ಲಿಟಲ್ ಡಯಮೀಡ್ ದ್ವೀಪದಲ್ಲಿ ನಿಂತರೆ ಎದುರಿಗೆ ನಾಲ್ಕೇ ಕಿಲೋಮೀಟರ್ ಆಚೆ ರಷ್ಯಾದ ಬಿಗ್ ಡಯಮೀಡ್. ವಿದೇಶಾಂಗ ಅನುಭವ ಕೇಳಿದರೆ ಇದು ಉತ್ತರವೇ ಎಂದು ನೀವು ಕೇಳಬಹುದು, ನಾನೂ ಕೇಳುತ್ತೇನೆ. ಆದರೆ ನಗೆನಟಿಯ ಮಾತನ್ನು ಅಭ್ಯರ್ಥಿಯ ಬಾಯಿಗೆ ತುರುಕಿದರೆ ನಿಮ್ಮ ಉಳಿದ ಉದ್ಧರಣಗಳನ್ನೂ ನಾನು ನಂಬುವುದಿಲ್ಲ. ಟಿವಿ ಪತ್ರಕರ್ತೆ ಕೇಟಿ ಕೌರಿಕ್ ಮಾಡಿದ ಪೇಲಿನ್ ಸಂದರ್ಶನ ಇದೆಯಲ್ಲ? ಯಾವ ಪತ್ರಿಕೆ ಓದುತ್ತೀರಿ ಎಂಬ ಸಲೀಸು ಪ್ರಶ್ನೆಗೆ ಒಂದು ಹೆಸರೂ ಹೇಳಲಾಗದೆ ತಡವರಿಸಿದರಲ್ಲ? ನಗಬೇಕಿದ್ದರೆ ಅಲ್ಲಿ ನಗಿ. ಅದು ನಿಜವಾಗಿ ನಡೆದದ್ದು.

ಅನುವಾದದ ಬಗ್ಗೆ ಎರಡು ಮಾತು. ‘ರನ್ನಿಂಗ್ ಮೇಟ್’ ಅನ್ನು ‘ಓಟದ ಸಂಗಾತಿ’ ಮಾಡಿದ್ದೀರಿ. ನಮ್ಮ ಪ್ರೂಫ್ ನೋಡುವವರು ಅದು ಅಚ್ಚಿನ ತಪ್ಪು ಅಂದುಕೊಂಡು ‘ಓಟಿನ ಸಂಗಾತಿ’ ಅಂತ ತಿದ್ದಿಟ್ಟಿದ್ದರು, ಅದೇ ವಾಸಿ ಅನಿಸಿತು. ‘ಉಪಾಧ್ಯಕ್ಷ ಅಭ್ಯರ್ಥಿ’ ಸಾಕು. ‘ಹಾಕಿ ಮಾಮ್’ಗೆ ನೀವು ಹಾಕಿದ ‘ಹಾಕಿ ತಾಯಿ’ ಅಂತೂ ನಮ್ಮ ಓದುಗರನ್ನು ನೇರ ಕೊಡಗಿಗೆ ಕರೆದುಕೊಂಡು ಹೋಗುತ್ತದೆ, ಸ್ಟಿಕ್ ಹಿಡಿದ ಅಮ್ಮ ಮೈದಾನದಲ್ಲಿ ಕಾಣಿಸುತ್ತಾಳೆ. ಅಲಾಸ್ಕಾದ ಹಾಕಿ ಮಂಜುಗಡ್ಡೆ ಮೇಲೆ ಆಡುವಂಥದ್ದು. ಆಡುವವರು ಮಕ್ಕಳು. ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಅಭ್ಯಾಸಕ್ಕೆ ಓಡಾಡುವ, ಪಂದ್ಯದಲ್ಲಿ ಮಕ್ಕಳಿಗಿಂತ ಜೋರಾಗಿ ಕೂಗುವ ಅಮ್ಮಂದಿರಿಗೆ ಅಲ್ಲಿ ಆ ಹೆಸರು. ಅಂಥ ಅಮ್ಮನಿಗೂ ಪಿಟ್ ಬುಲ್ ನಾಯಿಗೂ ಇರುವ ವ್ಯತ್ಯಾಸ ಲಿಪ್‌ಸ್ಟಿಕ್ ಒಂದೇ ಎಂದು ಪೇಲಿನ್ ಹೇಳಿದಾಗ ಅಷ್ಟು ಜನ ನಕ್ಕದ್ದು ಯಾಕೆ ಅಂತ ಆಗ ತಿಳಿಯುತ್ತದೆ.

ಪೇಲಿನ್ ಅವರ ಮಗಳು ಹದಿನೇಳಕ್ಕೇ ಗರ್ಭಿಣಿ ಎಂಬ ಸುದ್ದಿ ಬಂದ ಭಾಗದಲ್ಲಿ ‘ಅವರ ಸಂಸ್ಕೃತಿಯೇ ಅಂಥದ್ದು’ ಅಂತ ಒಂದು ಪುಟ ಉಪದೇಶ ಇದೆ. ಪೂರ್ತಿ ತೆಗೆಯಿರಿ. ಎದುರಾಳಿ ಒಬಾಮ ಅವರೇ ಕುಟುಂಬದ ವಿಷಯಕ್ಕೆ ಹೋಗಬೇಡಿ, ನನ್ನ ತಾಯಿಯೂ ಹದಿನೆಂಟಕ್ಕೇ ನನ್ನನ್ನು ಹೆತ್ತವರು ಅಂದಿದ್ದರು. 1972ರ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದ ಈಗಲ್ಟನ್ 18 ದಿನಕ್ಕೇ ಹಿಂದೆ ಸರಿದ ಕಥೆಯೂ ಎರಡು ಪುಟ ಬೇಡ, ನಾಲ್ಕು ಸಾಲು ಸಾಕು. ಅದರ ಬದಲು 1988 ನೆನಪು ಮಾಡಿಕೊಳ್ಳಿ. ಆಗಿನ ಉಪಾಧ್ಯಕ್ಷ ಅಭ್ಯರ್ಥಿ ಡ್ಯಾನ್ ಕ್ವೇಲ್ ಅವರನ್ನೂ ಹೀಗೇ ಗೇಲಿ ಮಾಡಿದ್ದರು. ಅವರನ್ನು ಆರಿಸಿದ ಹಿರಿಯ ಬುಷ್ 40 ರಾಜ್ಯ ಗೆದ್ದರು. ‘ಪೇಲಿನ್ ಅವರಿಂದಲೇ ಸೋತರು’ ಎಂಬ ನಿಮ್ಮ ತೀರ್ಪು ಇಲ್ಲಿ ಅಲ್ಲಾಡುತ್ತದೆ. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ದಿವಾಳಿಯಾಯಿತು. ಅದೇ ದಿನ ಮೆಕೇನ್, ದೇಶದ ಆರ್ಥಿಕತೆಯ ಬುನಾದಿ ಗಟ್ಟಿಯಾಗಿದೆ ಅಂದರು. ಆ ದಿನಕ್ಕೆ ನೀವು ಕೊಟ್ಟಿರುವುದು ಅರ್ಧ ವಾಕ್ಯ.

ಬುಷ್ ಸರ್ಕಾರದಲ್ಲಿ ವಿದೇಶಾಂಗ ಸಚಿವರಾಗಿದ್ದ ಕಾಲಿನ್ ಪವೆಲ್ ಅವರ ಮಾತು ಮಾತ್ರ ನೀವು ಸರಿಯಾಗಿ ಹಿಡಿದಿದ್ದೀರಿ. ಪೇಲಿನ್ ಮೆಚ್ಚತಕ್ಕ ಹೆಣ್ಣು, ಆದರೆ ಅಧ್ಯಕ್ಷರಾಗಲು ತಯಾರಿಲ್ಲ, ಇದರಿಂದ ಮೆಕೇನ್ ಅವರ ವಿವೇಚನೆಯ ಬಗ್ಗೆ ನನಗೆ ಅನುಮಾನ ಬಂತು ಎಂದರು ಅವರು. ಬೈಗುಳ ಪೇಲಿನ್‌ಗಲ್ಲ, ಆರಿಸಿದವರಿಗೆ. ಅದನ್ನು ಹಾಗೇ ಇಡಿ. 2018ರಲ್ಲಿ, ಸಾವಿಗೆ ಸ್ವಲ್ಪ ಮೊದಲು, ಲೀಬರ್‌ಮನ್ ಅವರನ್ನೇ ಆರಿಸಬೇಕಿತ್ತು ಎಂದು ಮೆಕೇನ್ ಹೇಳಿದ್ದನ್ನು ‘ಕೊನೆಗೂ ತಪ್ಪೊಪ್ಪಿಗೆ’ ಅಂತ ಗೆಲುವಿನ ನಗೆಯಲ್ಲಿ ಬರೆದಿದ್ದೀರಿ. ಆ ನಗೆ ಬೇಡ. ಆಗಲೂ ಅವರು ಪೇಲಿನ್ ಅವರನ್ನು ದೂರಲಿಲ್ಲ.

ಇನ್ನು ನಾನು ಎರಡನೇ ಸಲ ಓದಿದ್ದು ಯಾಕೆ ಅಂತ ಹೇಳಬೇಕು. ಒಂಬತ್ತನೇ ಪುಟದ ಕೆಳಗೆ, ಕಂಸದೊಳಗೆ, ಒಂದು ಸಾಲು ಇದೆ: ‘ಆಗ ಡೇಟನ್‌ನಲ್ಲಿದ್ದ ನನ್ನ ಅಕ್ಕನ ಆಸ್ಪತ್ರೆಯ ನರ್ಸ್ ಒಬ್ಬರು ಭಾಷಣ ನೋಡಿ ಅತ್ತರಂತೆ, ಅವರಿಗೂ ಡೌನ್ ಸಿಂಡ್ರೋಮ್ ಇರುವ ಮಗನಿದ್ದ.’ ಇದನ್ನು ಕಂಸದಲ್ಲಿಟ್ಟಿರಾ! ಪೇಲಿನ್ ಅವರ ಕೊನೆಯ ಮಗು ಆಗ ಐದು ತಿಂಗಳೂ ತುಂಬದ ಕೂಸು, ಅದಕ್ಕೂ ಡೌನ್ ಸಿಂಡ್ರೋಮ್. ಇಂಥ ಮಕ್ಕಳ ಅಪ್ಪ ಅಮ್ಮಂದಿರಿಗೆ ಶ್ವೇತಭವನದಲ್ಲಿ ಒಬ್ಬ ಗೆಳತಿ ಇರುತ್ತಾಳೆ ಎಂದು ಅವರು ಸೇಂಟ್ ಪಾಲ್‌ನ ಆ ರಾತ್ರಿಯ ಭಾಷಣದಲ್ಲಿ ಹೇಳಿದ್ದರು. ಆ ನರ್ಸ್ ಯಾವ ಅಂಕಣವನ್ನೂ ಓದಿರಲಿಕ್ಕಿಲ್ಲ. ಅನುಭವ ಸಾಲದು, ಸಿದ್ಧತೆ ಇಲ್ಲ ಎಂಬ ಲೆಕ್ಕ ಅವರ ಮುಂದಿರಲಿಲ್ಲ. ತನ್ನ ಮನೆಯಂಥ ಇನ್ನೊಂದು ಮನೆ ಟಿವಿಯಲ್ಲಿ ಕಂಡಿತು, ಅಷ್ಟೇ.

ಲೇಖನ ಅಲ್ಲಿಂದ ಶುರು ಮಾಡಿ. ಮೊದಲು ಅಕ್ಕನಿಗೆ ಫೋನ್ ಮಾಡಿ. ಅಂದು ಅವರು ಯಾವ ಪಾಳಿಯಲ್ಲಿದ್ದರು, ಟಿವಿ ಇದ್ದದ್ದು ಎಲ್ಲಿ, ಸುತ್ತ ಯಾರಿದ್ದರು, ಒಬಾಮ ಬೆಂಬಲಿಗರೂ ಇದ್ದರಾ, ಅವರು ಆಗ ಏನು ಮಾಡಿದರು, ಎಲ್ಲ ಕೇಳಿ. ನರ್ಸ್ ಹೆಸರು ಹಾಕಬೇಡಿ. ಪೇಲಿನ್ ಹೆಸರನ್ನು ಮಾತ್ರ ಮೂರು ಥರ ಬರೆದಿದ್ದೀರಿ, ಒಂದೇ ಥರ ಬರೆಯಿರಿ. 1,200 ಪದ ಮೀರದಿರಲಿ. ಮುಂದಿನ ತಿಂಗಳು 10ರೊಳಗೆ ಬಂದರೆ ಖಂಡಿತ ನೋಡುತ್ತೇನೆ.

ಇನ್ನೊಂದು. ಆ ನರ್ಸ್ ನವೆಂಬರ್‌ನಲ್ಲಿ ಯಾರಿಗೆ ವೋಟು ಹಾಕಿದರು ಅಂತ ಅಕ್ಕನಿಗೆ ಗೊತ್ತಿದ್ದರೆ ಕೇಳಿ ತಿಳಿದುಕೊಳ್ಳಿ. ಗೊತ್ತಿಲ್ಲದಿದ್ದರೆ ಊಹಿಸಿ ಬರೆಯಬೇಡಿ.

ನಿಮ್ಮ,
ಸಂಪಾದಕ