ಆಶ್ವಿಟ್ಜ್‌ಗೆ ಹೊರಟವರ ಪಾಸು, ಚೀಲ, ಮೊಮ್ಮಗ

ಪ್ರಶ್ನೆ: ಮೇ ತಿಂಗಳಲ್ಲಿ ಪೋಲೆಂಡಿನ ಕ್ರಾಕೋವ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಆಶ್ವಿಟ್ಜ್ ನಾಜಿ ಶಿಬಿರದ ಮ್ಯೂಸಿಯಂ ನೋಡಬೇಕೆಂದಿದ್ದೇವೆ. ಟಿಕೆಟ್ ಅಲ್ಲೇ ಸಿಗುತ್ತದೆಯೇ? ಅರ್ಧ ದಿನ ಸಾಕೇ? 10 ವರ್ಷದ ಮೊಮ್ಮಗನನ್ನು ಕರೆದೊಯ್ಯಬಹುದೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಅಲ್ಲಿಗೆ ಹೋಗಿ ನೋಡೋಣ ಎಂದು ಹೊರಡಬೇಡಿ. ಪ್ರವೇಶಕ್ಕೆ ದುಡ್ಡಿಲ್ಲ, ಆದರೆ ನಿಮ್ಮ ಹೆಸರಿನ ಪಾಸು ಮೊದಲೇ ಆಗಿರಬೇಕು. ಮ್ಯೂಸಿಯಂನದೇ ವೆಬ್‌ಸೈಟಿನಲ್ಲಿ ಮಾಡಿಸಿ. ಗೈಡ್ ಇಲ್ಲದ ಪಾಸುಗಳು ಬೇಗ ಮುಗಿಯುತ್ತವೆ. ಮೊದಲ ಸಲ ಹೋಗುವವರಿಗೆ ಹಣ ಕೊಟ್ಟು ಇಂಗ್ಲಿಷ್ ಗೈಡಿನ ಗುಂಪು ಸೇರುವುದೇ ಒಳ್ಳೆಯದು.

ನಮ್ಮ ಕಡೆಯವರು ಎಡವುವುದು ಹೆಸರಿನಲ್ಲಿ. ಒಂದು ಕಡೆ ಇನಿಶಿಯಲ್, ಇನ್ನೊಂದು ಕಡೆ ಮನೆತನದ ಹೆಸರು, ಪಾಸ್‌ಪೋರ್ಟಿನಲ್ಲಿ ಸರ್‌ನೇಮಿನ ಜಾಗವೇ ಖಾಲಿ! ಬಾಗಿಲಲ್ಲಿ ತಾಳೆ ನೋಡುತ್ತಾರೆ. ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಟೈಪ್ ಮಾಡಿ, ಅದರಲ್ಲಿಲ್ಲದ ಒಂದಕ್ಷರವೂ ಬೇಡ.

ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. 35×25×15 ಸೆಂ.ಮೀ. ಒಳಗಿದ್ದರೆ ತೊಂದರೆಯಿಲ್ಲ. ಮದುವೆಮನೆಯ ತಾಂಬೂಲದ ಚೀಲದಲ್ಲಿ ನೀರಿನ ಬಾಟ್ಲಿ ಹಾಕಿಕೊಳ್ಳುವ ಅಭ್ಯಾಸವಿದ್ದರೆ, ಮೇಲೆ ಸ್ವಸ್ತಿಕ ಅಚ್ಚಾಗಿದೆಯಾ ನೋಡಿಕೊಳ್ಳಿ. ನಮಗೆ ಅದು ಮಂಗಳ, ಅಲ್ಲಿ ನಾಜಿಗಳ ಗುರುತು. ಬಾಗಿಲ ಸಾಲಿನಲ್ಲಿ, ಆ ಶಿಬಿರದಲ್ಲಿ ಕೊಲೆಯಾದವರ ಮೊಮ್ಮಕ್ಕಳೂ ನಿಂತಿರುತ್ತಾರೆ.

ಕ್ರಾಕೋವ್‌ನಿಂದ ಬಸ್ಸಿಗೆ ಸುಮಾರು ಒಂದೂವರೆ ಗಂಟೆ. ನೋಡಲು ಕಡಿಮೆಯೆಂದರೂ ಮೂರೂವರೆ ಗಂಟೆ. ಅಂದರೆ ಇಡೀ ದಿನದ ಕೆಲಸ. ಮೊದಲ ಶಿಬಿರದಿಂದ ಎರಡನೆಯ ಶಿಬಿರವಾದ ಬಿರ್ಕೆನೌ ಸುಮಾರು 3 ಕಿ.ಮೀ., ಉಚಿತ ಬಸ್ಸಿದೆ. ಸುಸ್ತಾಯಿತೆಂದು ಎಷ್ಟೋ ಮಂದಿ ಬಿರ್ಕೆನೌ ಬಿಟ್ಟು ಬರುತ್ತಾರೆ. ಕೊಲೆಯಾದ ಸುಮಾರು 11 ಲಕ್ಷ ಜನರಲ್ಲಿ ಹೆಚ್ಚಿನವರು ಸತ್ತದ್ದು ಅಲ್ಲೇ. ವಿಶಾಲವಾದ ಬಯಲು, ನೆರಳು ಕಡಿಮೆ, ಕಾಲಡಿಗೆ ಜಲ್ಲಿ. ಟೊಪ್ಪಿಯೂ ಕಟ್ಟುವ ಶೂಗಳೂ ಇರಲಿ. ಒಳಗೆ ತಿನ್ನುವಂತಿಲ್ಲ.

ಫೋಟೊ ನಿಷಿದ್ಧವಾದದ್ದು ಎರಡೇ ಕಡೆ: ಬ್ಲಾಕ್ 4ರಲ್ಲಿ ಕೂದಲಿಟ್ಟ ಕೋಣೆ, ಬ್ಲಾಕ್ 11ರ ನೆಲಮಾಳಿಗೆ. ಉಳಿದ ಕಡೆ ಫ್ಲ್ಯಾಶ್ ಹಾಕದೆ ತೆಗೆಯಬಹುದು.

ಮೊಮ್ಮಗ ಬೇಡ. 14 ವರ್ಷದೊಳಗಿನವರನ್ನು ಕರೆತರಬೇಡಿ ಎನ್ನುವುದು ಮ್ಯೂಸಿಯಂನದೇ ಸಲಹೆ. ಕೊಲೆಯಾದವರ ತಲೆಯಿಂದ ಕತ್ತರಿಸಿದ ಕೂದಲು ಗಾಜಿನ ಹಿಂದೆ ರಾಶಿ ಬಿದ್ದಿದೆ, ಸುಮಾರು 2 ಟನ್. ಬ್ಲಾಕ್ 5ರಲ್ಲಿ ಸೂಟ್‌ಕೇಸುಗಳು, ಎಷ್ಟೋ ಪೆಟ್ಟಿಗೆಗಳ ಮೇಲೆ ದೊಡ್ಡಕ್ಷರದಲ್ಲಿ ಹೆಸರು. ಬೇರೆ ಊರಲ್ಲಿ ನೆಲೆ ಕೊಡುತ್ತೇವೆಂದು ನಂಬಿಸಿದ್ದರಿಂದ ಪೆಟ್ಟಿಗೆ ತಪ್ಪಿಹೋಗದಿರಲೆಂದು ಬರೆಸಿದವು.

ಆ ದಿನ ಹುಡುಗನನ್ನು ಅವನಮ್ಮ ಊರ ಹತ್ತಿರದ ವಿಯೆಲಿಚ್ಕಾ ಉಪ್ಪಿನ ಗಣಿಗೆ ಕರೆದೊಯ್ಯಲಿ. ಮಂಡಿನೋವಿದ್ದವರು ಜೊತೆಗೆ ಹೊರಡಬೇಡಿ. ಶುರುವಿಗೇ ಸುಮಾರು 380 ಮೆಟ್ಟಿಲು ಇಳಿಯಬೇಕು.