ಹಳೇ ಅಂಬಾಸಿಡರ್‌ನ ಹಿಂಭಾಗ ತಗ್ಗಿಸಬಹುದಾ?

ಮಡಿಕೇರಿಯಲ್ಲಿ ಓಡಿಸುವ ಅಂಬಾಸಿಡರ್‌ನ ಹಿಂಭಾಗವನ್ನು 2 ಇಂಚು ತಗ್ಗಿಸಬೇಕು ಎಂದಿದ್ದೀರಿ. ಆಗುತ್ತದೆ. ಆದರೆ ನಮ್ಮ ರಸ್ತೆಗೆ 1 ಇಂಚೇ ಜಾಸ್ತಿ.

ಹಿಂದಿರುವುದು ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಅಲ್ವಾ? ಆಕ್ಸಲ್, ಅಂದರೆ ಎರಡು ಹಿಂಚಕ್ರಗಳ ನಡುವಿನ ಅಚ್ಚು, ಅದರ ಮೇಲೆ ಕೂತಿದ್ದರೆ, ನಡುವೆ ಬ್ಲಾಕ್ ಇಟ್ಟು ಉದ್ದದ ಯು-ಬೋಲ್ಟ್ (ಎರಡನ್ನೂ ಸೇರಿಸಿ ಬಿಗಿಯುವ U ಆಕಾರದ ಬೋಲ್ಟ್) ಹಾಕಿದರೆ ಗಾಡಿ ತಗ್ಗುತ್ತದೆ. ಆಕ್ಸಲ್ ಸ್ಪ್ರಿಂಗ್‌ನ ಕೆಳಗಿದ್ದರೆ ಅದೇ ಬ್ಲಾಕ್ ಗಾಡಿಯನ್ನು ಮೇಲಕ್ಕೆ ಎತ್ತಿಬಿಡುತ್ತದೆ! ಹಾಗಾಗಿ ಮೊದಲು ಬಗ್ಗಿ ನೋಡಿ. ಪಟ್ಟಿಗಳನ್ನು ಸುಮ್ನೆ ಕಾಯಿಸಿ ಬಗ್ಗಿಸಬೇಡಿ, ಉಕ್ಕಿನ ಹದ ಹೋಗುತ್ತದೆ. ಪಟ್ಟಿ ಕಿತ್ತು ಹಾಕುವುದಂತೂ ಬೇಡವೇ ಬೇಡ. ಸ್ಪ್ರಿಂಗ್ ಮೆತ್ತಗಾಗಿ, ಡಿಕ್ಕಿಯಲ್ಲಿ ನಾಲ್ಕು ಮೂಟೆ ಕಾಫಿ ಹೇರಿದ ದಿನ ಆಕ್ಸಲ್ ಮೇಲಿನ ಬಂಪ್ ಸ್ಟಾಪ್‌ಗೆ (ಅದರ ಏರಿಕೆ ತಡೆಯುವ ರಬ್ಬರ್ ತುಂಡಿಗೆ) ಬಡಿಯುತ್ತದೆ.

ಮಳೆಗಾಲದಲ್ಲಿ ಸಂಪಾಜೆ ಘಾಟಿಯ ಗುಂಡಿಗೆ ಸೈಲೆನ್ಸರ್ ತಗುಲುವ ಕಥೆ ಬೇರೆಯೇ ಇದೆ.